ಕಿವಿ ಮುಚ್ಚಿ ಹೊಡೆದ ಏಟು

ದಾದರಿನ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ನಾನು ಗುಂಡುಕಲ್ಲಿಗೆ ಟಾಕಿ ಹಾಕುತ್ತ ಕೂತಿದ್ದಾಗ ಆ ಮೇಷ್ಟರು ಬಂದರು. ಬಂದವರು ಮಾತಾಡಿಸಲಿಲ್ಲ. ಬೆಕ್ಕಿನ ಬಾಲದ ಹಾಗೆ ಕೂದಲು ಹೊದಿಸಿದ ಒಂದು ಮೈಕಿನ ಕೋಲನ್ನು ನನ್ನ ಕೈಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ನಿಂತುಬಿಟ್ಟರು. ಚಾಣದ ಬಾಯಿಂದ ಕಲ್ಲಿನ ಚೂರು ಹಾರುತ್ತದೆ. ಮುಖಕ್ಕೆ ಬಡಿದರೆ ಬೈಗುಳ ನನಗೆ. ಸುತ್ತಿಗೆ ನಿಲ್ಲಿಸಿ, "ಓ ಸಾಹೇಬ, ಬಾಜೂ ಹಟೋ" ಅಂದೆ.

ನನ್ನ ಕೆಲಸ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೋಟೆಲಿನ ದೊಡ್ಡ ಗ್ರೈಂಡರಿನಲ್ಲಿ ಕೆಳಗೆ ಒರಳು, ಅದರೊಳಗೆ ಕಬ್ಬಿಣದ ಕಂಬಿಗೆ ಸಿಕ್ಕಿಸಿದ ಗುಂಡುಕಲ್ಲು. ಅಕ್ಕಿ ಉದ್ದು ರುಬ್ಬಿ ರುಬ್ಬಿ ಕಲ್ಲಿನ ಮೈ ನುಣ್ಣಗಾಗುತ್ತದೆ. ನುಣ್ಣಗಾದ ಕಲ್ಲು ರುಬ್ಬುವುದಿಲ್ಲ, ಬರೀ ಸವರುತ್ತದೆ. ಹಿಟ್ಟು ಬಿಸಿಯಾಗುತ್ತದೆ, ಇಡ್ಲಿ ರಬ್ಬರಾಗುತ್ತದೆ. ಆಗ ಚಾಣ, ಸುತ್ತಿಗೆ ಹಿಡಿದು ಕಲ್ಲಿನ ಮೈತುಂಬ ಜೋಳದ ಕಾಳಿನಷ್ಟು ಸಣ್ಣ ಗುಳಿ ಹೊಡೆಯಬೇಕು. ಇದೇ ಟಾಕಿ. ಇಷ್ಟು ಸಾಕು.

ಮೇಷ್ಟರ ಜೊತೆ ಒಬ್ಬಳು ಹುಡುಗಿ ಇದ್ದಳು, ಅವರ ವಿದ್ಯಾರ್ಥಿನಿ. ಅವಳ ಅಜ್ಜ ಉಡುಪಿಯ ಕಡೆಯವನಂತೆ. ಅವಳ ಕನ್ನಡ ಮೂರು ಕಾಲಿನ ಕುರ್ಚಿಯ ಹಾಗೆ ವಾಲುತ್ತಿತ್ತು.

"ಅಜ್ಜಿ, ಸರ್ ಗೋರೆಗಾಂವ್ ಕಾಲೇಜಲ್ಲಿ ಸೌಂಡ್ ಆರ್ಟ್ ಕಲಿಸ್ತಾರೆ. ನಿಮ್ದು ಆವಾಜ್ ಬೇಕು ನಮಗೆ."

"ಹಾಡಬೇಕೇನು? ನನಗ ಬರೂದಿಲ್ಲ."

"ಗಾನಾ ಅಲ್ಲ ಅಜ್ಜಿ. ಬರೀ ಸೌಂಡ್. ಲೋಕಲ್‌ದು, ಮಳೆದು, ಪಾತ್ರೆದು. ಸುಮ್ನೆ ಕೇಳೋದು. ಅದೇ ಆರ್ಟ್."

"ಸುಮ್ನ ಕೇಳೂದಕ್ಕ ಕಾಲೇಜ್ ಯಾಕ ಬೇಕು?"

ಅವಳು ಅದನ್ನು ಮೇಷ್ಟರಿಗೆ ಹಿಂದಿಯಲ್ಲಿ ಹೇಳಿದಳು. ಮೇಷ್ಟರು ನಕ್ಕು, "ವಾಹ್, ಕ್ಯಾ ಬಾತ್ ಹೈ" ಅಂದರು. ನಾನು ಚುಚ್ಚಿದ್ದು ಅವರಿಗೆ ಶಹಭಾಸ್ ಅಂದಂತೆ ಕೇಳಿತು. ಆ ಮನುಷ್ಯನ ಕಿವಿ ಹೇಗಿದೆಯೆಂದು ನಾನು ಅಲ್ಲೇ ತಿಳಿದುಕೊಳ್ಳಬೇಕಿತ್ತು.

ಕೂಲಿ ಸಿಗುತ್ತದೆಂದು ಹೋದೆ. ಒಂದು ವಾರ, ದಿನಾ ಮಧ್ಯಾಹ್ನ. ಹತ್ತು ಹನ್ನೆರಡು ಮಕ್ಕಳು ನೆಲದ ಮೇಲೆ ಕೂತಿರುತ್ತಿದ್ದರು, ನನಗೊಂದು ಕುರ್ಚಿ. ಕುರ್ಚಿಯ ಮೇಲೆ ಕೂತು ಕಲ್ಲು ಹೊಡೆಯುವುದಕ್ಕೆ ಆಗುತ್ತದೆಯೇ? ಕುರ್ಚಿ ಬದಿಗೆ ಸರಿಸಿ ನಾನೂ ನೆಲಕ್ಕೆ ಕೂತೆ.

ಕಲ್ಲನ್ನು ಹೇಗೆ ಪರೀಕ್ಷೆ ಮಾಡುವುದೆಂದು ಮೊದಲು ತೋರಿಸಿದೆ. ಕಲ್ಲನ್ನು ನೆಲಕ್ಕೆ ಅಂಟಿಸಿ ಇಡಬಾರದು, ಕೆಳಗೆ ಗೋಣಿಚೀಲದ ಸಿಂಬಿ ಬೇಕು. ಸುತ್ತಿಗೆಯ ಹಿಂಬದಿಯಿಂದ ಅಂಚಿನ ಸುತ್ತ ಮೆಲ್ಲಗೆ ಬಡಿಯುತ್ತ ಹೋಗಬೇಕು. ಗಟ್ಟಿ ಕಲ್ಲು ಖಣ್ ಅನ್ನುತ್ತದೆ, ಅಂದಮೇಲೆ ಸ್ವಲ್ಪ ಹೊತ್ತು ಅದರ ಗುಂಗು ಉಳಿಯುತ್ತದೆ. ಒಳಗೆ ಸೀಳು ಬಿಟ್ಟ ಕಲ್ಲು ಬದ್ ಅನ್ನುತ್ತದೆ, ಗುಂಗು ಉಳಿಯುವುದಿಲ್ಲ. ಇದು ಕೆಲಸದ ಮೊದಲು ಒಮ್ಮೆ, ಕೆಲಸ ಮುಗಿದಮೇಲೆ ಒಮ್ಮೆ. ಎರಡು ಪರೀಕ್ಷೆ ಮುಗಿಯದೆ ಕಲ್ಲನ್ನು ಯಾರ ಕೈಗೂ ಕೊಡುವಂತಿಲ್ಲ.

ಅವರೂ ನನಗೆ ಕಲಿಸಿದರು, ಸುಳ್ಳು ಹೇಳುವುದಿಲ್ಲ. ಹಳೇ ನಾಲ್ಕಾಣೆಯಷ್ಟು ಅಗಲದ ಒಂದು ತಗಡಿನ ಮೈಕು ಇತ್ತು. ಅದು ಗಾಳಿಯಲ್ಲಿಯ ಶಬ್ದ ಹಿಡಿಯುವುದಿಲ್ಲ, ಅಂಟಿಸಿದ ವಸ್ತುವಿನ ಒಳಗಿನದನ್ನೇ ಹಿಡಿಯುತ್ತದೆ. ಅದನ್ನು ಕಲ್ಲಿಗೆ ಅಂಟಿಸಿದರೆ, ಚಾಣದ ಮೂಲಕ ನನ್ನ ಮಣಿಕಟ್ಟಿಗೆ ಗೊತ್ತಾಗುವುದು ಎಲ್ಲರಿಗೂ ಕೇಳುತ್ತದೆ. ಅದನ್ನು ಮಾಡಿದವನು ಯಾರೋ, ಜಾಣ. ಆದರೆ ಉಳಿದದ್ದು ನನಗೆ ಸೇರಲಿಲ್ಲ. ಒಂದು ಏಟನ್ನು ಒಂದು ನಿಮಿಷದ ತನಕ ಎಳೆದು ಎಮ್ಮೆ ನರಳಿದ ಹಾಗೆ ಮಾಡುವರು. ಇಲ್ಲವೇ ಅದೇ ಏಟನ್ನು ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ತಿರುಗಿಸುವರು. ಅದಕ್ಕೆ ಲೂಪ್ ಅನ್ನುತ್ತಾರೆ.

ಮೂರನೆಯ ದಿನ ಮೇಷ್ಟರು ನನ್ನ ಶಬ್ದ ಕೇಳಿಸಿ, ಇದು ಏನು ಹೇಳುತ್ತದೆ ಎಂದು ಮಕ್ಕಳನ್ನು ಕೇಳಿದರು. ಒಬ್ಬ ವಿರಹ ಅಂದ. ಒಬ್ಬಳು ಊರು ಬಿಟ್ಟು ಬಂದ ಹೆಣ್ಣಿನ ದುಃಖ ಅಂದಳು. ಮೇಷ್ಟರು ಎಲ್ಲವನ್ನೂ ಬಿಳಿ ಹಲಗೆಯ ಮೇಲೆ ಬರೆದರು. ಕೊನೆಗೆ ಹುಡುಗಿ ನನ್ನ ಕಡೆ ತಿರುಗಿದಳು.

"ಅಜ್ಜಿ, ಸರ್ ಕೇಳ್ತಾರೆ, ಹೊಡೆಯುವಾಗ ಮನಸ್ಸಲ್ಲಿ ಏನು ಬರ್ತದೆ?"

"ಕಲ್ಲು ಗಟ್ಟಿ ಐತೋ ಇಲ್ಲೋ ಅಂತ ಬರ್ತೈತಿ."

"ಅದು ಬಿಟ್ಟು? ಅಂದರ್ ಸೇ?"

"ಒಳಗಿಂದನ ಅದೂ. ಅಳೂದಿದ್ರ ನಾ ಮನಿಯಾಗ ಕುಂತು ಅಳ್ತೀನಿ. ಹೋಟೆಲ್‌ನವ್ರ ಕಲ್ಲಿನ ಮ್ಯಾಲ ಯಾಕ ಅಳ್ಲಿ?"

ಮಕ್ಕಳು ನಕ್ಕರು. ಮೇಷ್ಟರು ನಗುತ್ತಲೇ ಹಲಗೆಯ ಮೇಲಿನ ದುಃಖವನ್ನು ಅಲ್ಲೇ ಬಿಟ್ಟರು, ಅಳಿಸಲಿಲ್ಲ. ನನ್ನ ಕೆಲಸದ ಅರ್ಥ ನನ್ನನ್ನು ಕೇಳಿ, ನನ್ನ ಎದುರಿಗೇ ಬೇರೆಯದನ್ನು ಇಟ್ಟುಕೊಂಡರು. ಅವತ್ತಿನಿಂದ ಹೊಟ್ಟೆಯಲ್ಲಿ ಸಿಟ್ಟು ಕೂತಿತು. ಆದರೆ ಹೋಗುವುದನ್ನು ಬಿಡಲಿಲ್ಲ. ಅದು ನನ್ನ ತಪ್ಪು, ಮತ್ತು ಸಣ್ಣ ತಪ್ಪು.

ದೊಡ್ಡದು ವಾರದ ಕೊನೆಗೆ ಆಯಿತು. ಬೈಕುಲ್ಲಾದ ಹಳೆಯ ಮಿಲ್ಲಿನ ಗೋದಾಮಿನಲ್ಲಿ ಪ್ರದರ್ಶನ ಇಡುತ್ತಾರೆ, ಅದಕ್ಕೆ ಚೊಕ್ಕ ರೆಕಾರ್ಡಿಂಗ್ ಬೇಕು, ಗಲ್ಲಿಯಲ್ಲಿ ಹಾರನ್ನಿನ ಗದ್ದಲ ಎಂದರು. ದಾದರಿನ ಹೋಟೆಲಿನ ಗುಂಡುಕಲ್ಲನ್ನೇ ಗೋರೆಗಾಂವಿಗೆ ಒಯ್ಯುವುದೆಂದು ಆಯಿತು. ಮ್ಯಾನೇಜರ್‌ಗೆ ಹೋಟೆಲಿನ ಹೆಸರು ಬೋರ್ಡಿನ ಮೇಲೆ ಬರುತ್ತದೆಂಬ ಆಸೆ. "ಕೊಂಡೋಗಿ ಮಾರಾಯ್ರೆ, ಒಂದು ದಿವಸ ಹಿಟ್ಟು ಹೊರಗಿಂದ ತರಿಸ್ತೇನೆ. ಸಂಜೆ ವಾಪಸ್ ಬರ್ಬೇಕು, ನಾಳೆ ಮಧ್ಯಾಹ್ನ ಮೂರು ಗಂಟೆಗೆ ರುಬ್ಲಿಕ್ಕೆ ಉಂಟು" ಅಂದ.

ಕಾಲೇಜಿನಲ್ಲಿ ಗೋಡೆಗೆಲ್ಲ ಸ್ಪಂಜು ಬಡಿದ ಒಂದು ಕೋಣೆ. ಬಾಗಿಲು ಹಾಕಿದರೆ ನಮ್ಮ ಉಸಿರು ನಮಗೇ ಕೇಳುತ್ತದೆ. ನಾನು ಮೊದಲ ಪರೀಕ್ಷೆ ಮಾಡಿದೆ. ಕಲ್ಲು ಖಣ್ ಅಂದಿತು, ಸುತ್ತಲೂ. ಕೆಲಸಕ್ಕೆ ಕೂತೆ. ಆಗ ಮೇಷ್ಟರು ಎರಡು ದಪ್ಪ ಬಟ್ಟಲಿನಂಥ ಹೆಡ್‌ಫೋನು ತಂದು ನನ್ನ ಕಿವಿಗೆ ಹಾಕಿದರು. ನಿಮ್ಮ ಶಬ್ದ ನೀವೇ ಕೇಳಿ ಎಂದರು.

ನಮ್ಮಲ್ಲಿ ಹೆಂಗಸರು ಕಲ್ಲಿನ ಮುಂದೆ ಕೂರುವ ಮೊದಲು ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಬೇಕು. ಮಾವ ಎದುರಿಗಿರಲಿ, ಊರ ಗೌಡ ಎದುರಿಗಿರಲಿ, ತಲೆಯ ಮೇಲೆ ಸೆರಗು ಬೇಕು, ಕಿವಿಯ ಮೇಲೆ ಬೇಡ. ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದಾಗ ನಾಚಿಕೆಯಿಂದ ಸೆರಗು ಮುಂದಕ್ಕೆ ಎಳೆದುಕೊಂಡಿದ್ದಕ್ಕೆ ನನ್ನ ಅತ್ತೆ ಸುತ್ತಿಗೆಯ ಹಿಡಿಯಿಂದ ಮೊಣಕೈಗೆ ಕೊಟ್ಟಿದ್ದಳು. ಕಣ್ಣಿಗೆ ಕಾಣುವುದು ಕಲ್ಲಿನ ಮೈ ಮಾತ್ರ, ಒಳಗು ಕಿವಿಗೇ ಗೊತ್ತು ಅನ್ನುತ್ತಿದ್ದಳು.

ಅಷ್ಟು ಗೊತ್ತಿದ್ದೂ ನಾನು ಹೆಡ್‌ಫೋನು ತೆಗೆಯಲಿಲ್ಲ. ಯಾಕೆಂದು ಹೇಳುತ್ತೇನೆ. ಮೇಷ್ಟರು ಯಂತ್ರದಲ್ಲಿ ಏನೋ ತಿರುಗಿಸಿದ್ದರು, ನನ್ನ ಏಟು ಗುಡಿಯ ಗರ್ಭದಲ್ಲಿ ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು. ಇಷ್ಟು ವರ್ಷ ಗಲ್ಲಿಯಲ್ಲಿ, ಮೋರಿಯ ಪಕ್ಕದಲ್ಲಿ ಕೂತು ಹೊಡೆದ ಏಟು ಅದು. ಅಷ್ಟು ದೊಡ್ಡದಾಗಿ ಕೇಳಿದಾಗ ಹಿಗ್ಗಿದೆ. ಬಿಂಕ ಬಂತು, ಅಷ್ಟೇ.

ತಗಡಿನ ಮೈಕನ್ನು ಕಂಬಿಯ ತೂತಿನ ಹತ್ತಿರ ಅಂಟಿಸಿದ್ದರು. ಅಲ್ಲಿ ಹೊಡೆದರೆ ಶಬ್ದ ಚೆನ್ನ. "ಔರ್ ಏಕ್ ಬಾರ್, ಆಯಿ" ಅನ್ನುವರು. ಹೊಡೆದೆ. "ಸೇಮ್ ಜಗಾ. ಔರ್ ಏಕ್." ಹೊಡೆದೆ. ಟಾಕಿ ಹಾಕುವಾಗ ಒಂದೇ ಜಾಗಕ್ಕೆ ಎರಡನೆಯ ಏಟು ಹಾಕುವುದಿಲ್ಲ, ಚಾಣ ಸರಿಯುತ್ತಲೇ ಇರಬೇಕು. ಕಂಬಿಯ ತೂತಿನ ಹತ್ತಿರವಂತೂ ಉಗುರಿನಿಂದ ಕೆರೆದಷ್ಟೇ ಹಗುರ ಹೊಡೆಯಬೇಕು, ಅಲ್ಲಿ ಕಲ್ಲು ತೆಳು. ನಾನು ಅದೇ ಜಾಗಕ್ಕೆ ಎಷ್ಟು ಹೊಡೆದೆನೋ, ಲೆಕ್ಕ ತಪ್ಪಿತು. ಮುಗಿದ ಮೇಲೆ ಎರಡನೆಯ ಪರೀಕ್ಷೆಯನ್ನೂ ಮಾಡಿದೆ, ಹೆಡ್‌ಫೋನು ಹಾಕಿಕೊಂಡೇ. ಆ ಗುಡಿಯ ಗುಂಗಿನಲ್ಲಿ ಎಲ್ಲವೂ ಖಣ್ ಅಂದಿತು. ಕಲ್ಲು ಟೆಂಪೋ ಹತ್ತಿ ದಾದರಿಗೆ ಹೋಯಿತು.

ಮರುದಿನ ಮಧ್ಯಾಹ್ನ ಕ್ಲಾಸಿನಲ್ಲಿ ಮೇಷ್ಟರು ಅದನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿದರು. ಹೆಡ್‌ಫೋನಿಗೆ ಮಾತ್ರ ಬೆರೆಸಿದ್ದ ಗುಡಿಯ ಗುಂಗು ಇದರಲ್ಲಿ ಇಲ್ಲ, ಕಲ್ಲಿನ ಸ್ವಂತ ಶಬ್ದ ಮಾತ್ರ. ಖಣ್. ಖಣ್. ಖಣ್. ಆಮೇಲೆ ಒಂದು ಏಟು ಬದ್ ಅಂದಿತು.

ಮೇಷ್ಟರು ಕೈ ಎತ್ತಿ ನಿಲ್ಲಿಸಿದರು. "ಯೇ ವಾಲಾ. ಸಬ್‌ಸೇ ಸುಂದರ್ ಯಹೀ ಹೈ." ಎಲ್ಲಕ್ಕಿಂತ ಚೆಂದದ್ದು ಇದೇ ಅಂದರು, ಮಕ್ಕಳು ತಲೆದೂಗಿದರು.

ನಾನು ಸ್ಪೀಕರಿನ ಹತ್ತಿರ ಸರಿದೆ. "ಮುಂದಿಂದು ಹಾಕ್ರಿ" ಅಂದೆ. ಹುಡುಗಿ ಹಾಕಿದಳು. ಆ ಏಟಿನ ನಂತರ ಒಂದಕ್ಕೂ ಗುಂಗು ಇರಲಿಲ್ಲ. ಎಲ್ಲ ಬದ್, ಬದ್. ಎರಡನೆಯ ಪರೀಕ್ಷೆಯೂ ಅದರಲ್ಲೇ ಇತ್ತು. ತೂತಿನ ಸುತ್ತ ಒಡೆದ ಗಡಿಗೆ ಬಡಿದ ಹಾಗೆ.

ಗ್ರೈಂಡರಿನ ಕಲ್ಲು ತೂತಿನ ಬಳಿ ಸೀಳು ಬಿಟ್ಟರೆ, ತಿರುಗುವ ಜೋರಿಗೆ ಎರಡಾಗಿ ಹಾರುತ್ತದೆ. ಅಂಚಿಗೆ ಹತ್ತಿದ ಹಿಟ್ಟನ್ನು ಒಳಗೆ ತಳ್ಳುವುದು ಕೈಯಿಂದಲೇ, ರುಬ್ಬುವವನ ಕೈ ಆ ಹೊತ್ತಿಗೆ ಒರಳಿನೊಳಗೇ ಇರುತ್ತದೆ. ದಾದರಿನ ಹೋಟೆಲಿನಲ್ಲಿ ರುಬ್ಬುವವನು ಯಾದಗಿರಿಯ ಕಡೆಯ ಮನುಷ್ಯ, ಎರಡು ಹೆಣ್ಣುಮಕ್ಕಳ ತಂದೆ. ಗಡಿಯಾರದಲ್ಲಿ ಎರಡು ದಾಟಿತ್ತು.

ಮ್ಯಾನೇಜರ್‌ಗೆ ಫೋನು ಹಚ್ಚಿಸಿದೆ. ಊಟದ ಗಿರಾಕಿಗಳ ಹೊತ್ತಿನಲ್ಲಿ ಅವನು ಫೋನನ್ನು ಗಲ್ಲಾದ ಡ್ರಾವರಿಗೆ ಹಾಕಿಬಿಡುತ್ತಾನೆ. ರಿಂಗಾಗಿ ರಿಂಗಾಗಿ ನಿಂತಿತು. ನಾನು ಎದ್ದೆ.

"ಸರ್ ಹೇಳ್ತಾರೆ, ಕ್ಲಾಸ್ ಆದ್ಮೇಲೆ ಕಾರಲ್ಲಿ ಬಿಡ್ತಾರೆ" ಅಂದಳು ಹುಡುಗಿ.

"ಕ್ಲಾಸ್ ಮುಗಿಯೂದ್ರೊಳಗ ಅಂವನ ಕೈ ಮುಗೀತೈತಿ ಅಂತ ಹೇಳು ನಿನ್ನ ಸರ್‌ಗ."

ಅವಳು ಹೇಳಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಜೊತೆ ಹೊರಟಳು. ರಿಕ್ಷಾ, ಸ್ಟೇಷನ್, ಫಾಸ್ಟ್ ಲೋಕಲ್. ದಾರಿಯುದ್ದಕ್ಕೂ ಅವಳು ಫೋನು ಹಚ್ಚುತ್ತಲೇ ಇದ್ದಳು, ನಾನು ಬಾಗಿಲಲ್ಲಿ ನಿಂತು ಮೇಷ್ಟರನ್ನೂ, ನನ್ನನ್ನೂ ಬೈಯುತ್ತಲೇ ಇದ್ದೆ. ಮೀನಿನ ಬುಟ್ಟಿಯ ಒಬ್ಬ ಹೆಂಗಸು, "ಕಾಯ್ ಝಾಲಂ ಗ ಆಜೀ?", ಏನಾಯಿತು ಅಜ್ಜಿ ಎಂದು ಕೇಳಿದಳು. ಅವಳನ್ನೂ ಬೈದೆ.

ಹಿಂಬಾಗಿಲಿನಿಂದ ಹೊಕ್ಕಾಗ ಗ್ರೈಂಡರ್ ತಿರುಗುತ್ತಿತ್ತು. ರುಬ್ಬುವವನ ಬಲಗೈ ಮೊಣಕೈತನಕ ಉದ್ದಿನ ಹಿಟ್ಟಿನಲ್ಲಿ. ನಾನು ಗೋಡೆಯ ಸ್ವಿಚ್ಚು ಬಂದ್ ಮಾಡಿದೆ.

"ಏ ಆಯಿ, ಏನ್ ಮಾಡ್ದಿ? ಅರ್ಧಕ್ಕ ನಿಂತ್ರ ಹಿಟ್ಟ ಕೆಡ್ತದ" ಅಂದ ಅವನು.

"ಮೊದಲ ಕೈ ಹೊರಗ ತಗಿ ತಮ್ಮಾ. ಕಲ್ಲು ಒಡದೈತಿ."

ಮ್ಯಾನೇಜರ್ ಓಡಿ ಬಂದ. ಕಲ್ಲನ್ನು ಹೊರಗೆ ತೆಗೆಸಿದೆವು, ತೊಳೆದೆವು. ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟೆ. ಸೀಳು ಇದ್ದರೆ ಅಲ್ಲಿ ಮಾತ್ರ ನೀರು ಉಳಿದು ಕಪ್ಪು ಗೆರೆ ಕಾಣುತ್ತದೆ. ಕಂಡಿತು, ತೂತಿನಿಂದ ಕೆಳಗೆ ಕೂದಲೆಳೆಯಷ್ಟು. ಮ್ಯಾನೇಜರ್ ಬಗ್ಗಿ ನೋಡಿದ.

"ಇದೆಂತ ಸೀಳು ಮಾರಾಯ್ತಿ? ಕಲ್ಲಿನ ನರ ಅದು. ಮೊದಲಿಂದ ಉಂಟು. ನೀವೇ ನಿನ್ನೆ ಸರಿ ಉಂಟು ಅಂತ ಕಳಿಸಿದ್ದಲ್ವಾ?"

"ಕಳಿಸಿದ್ದು ತಪ್ಪಾತು."

"ತಪ್ಪಾತು ಅಂದ್ರೆ? ನಾಳೆ ಇಡ್ಲಿಗೆ ನಾನೆಂತ ಮಾಡುದು? ನಿಮ್ಮ ತಪ್ಪನ್ನು ಬೇಯಿಸುದಾ?"

ರುಬ್ಬುವವನು ಕಲ್ಲನ್ನೇ ನೋಡುತ್ತಿದ್ದ. ಮ್ಯಾನೇಜರ್ ಅವನಿಗೆ, "ಹಾಕು, ಹಾಕು. ಇವತ್ತಿನದ್ದು ಮುಗಿಸು, ಮತ್ತೆ ನೋಡುವ" ಅಂದ. ಅವನು ಕಲ್ಲಿಗೆ ಕೈ ಹಾಕಿದ. ಅಷ್ಟರಲ್ಲಿ ಹುಡುಗಿಯ ಫೋನು ಬಡಿಯಿತು. ಮೇಷ್ಟರು. ಅವಳು ಅವರಿಗೆ ಸೀಳಿನ ಸುದ್ದಿ ಹೇಳಿ, ಅವರದನ್ನು ಕೇಳಿಕೊಂಡು, ನನ್ನ ಮುಖ ನೋಡದೆ ಹೇಳಿದಳು: "ಸರ್ ಹೇಳ್ತಾರೆ, ಕಲ್ಲು ತೋಡ್ಬೇಡಿ, ಒಡೀಬೇಡಿ. ಹಾಗೇ ಇಡಿ. ಎಗ್ಜಿಬಿಷನ್‌ಗೆ ಬೇಕು."

ಒಬ್ಬನಿಗೆ ಇಡ್ಲಿಗೆ ಬೇಕು, ಒಬ್ಬನಿಗೆ ಪ್ರದರ್ಶನಕ್ಕೆ ಬೇಕು. ನಾನು ಬಾಯಲ್ಲಿ ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ. ನಾನು ಹೊಡೆದ ಮೇಲೂ ಕಲ್ಲು ಗಟ್ಟಿಯಾಗಿಯೇ ಉಳಿದರೆ ಮುಂಬೈಯಲ್ಲಿ ನನಗೆ ಇನ್ನು ಯಾರೂ ಕಲ್ಲು ಮುಟ್ಟಗೊಡುವುದಿಲ್ಲ, ಒಡೆದರೂ ಮುಟ್ಟಗೊಡುವುದಿಲ್ಲ. ಎರಡರಲ್ಲೂ ಹೆಸರು ಹೋಗುತ್ತದೆ. ಒಂದರಲ್ಲಿ ರುಬ್ಬುವವನ ಕೈ ಉಳಿಯುತ್ತದೆ. ಚಾಣವನ್ನು ಆ ಗೆರೆಯ ಮೇಲಿಟ್ಟೆ.

"ಅಜ್ಜಿ, ಒಡೆದ್ರೆ ಜವಾಬ್ದಾರಿ ಯಾರು?"

"ಕೆಡಿಸಿದಾಕಿ ನಾನು, ಒಡಿಯಾಕಿನೂ ನಾನ" ಅಂದೆ, ಅಡುಗೆಯವರು, ತಾಟು ತೊಳೆಯುವವರು ಎಲ್ಲ ಕೇಳುವ ಹಾಗೆ.

ಮೊದಲ ಏಟಿಗೆ ಏನೂ ಆಗಲಿಲ್ಲ. ಮ್ಯಾನೇಜರ್ "ಕಂಡಿತಾ?" ಅಂದ. ಎರಡನೆಯದಕ್ಕೆ ಗೆರೆಯ ಬಾಯಿಂದ ಒಂದು ಗುಳ್ಳೆ ನೀರು ಬಂತು. ಮೂರನೆಯದಕ್ಕೆ ಕಲ್ಲು ತೆಂಗಿನಕಾಯಿಯ ಹಾಗೆ ಎರಡು ಹೋಳಾಗಿ ಬಿತ್ತು. ಒಳಗಿನ ಸೀಳಿನುದ್ದಕ್ಕೂ ಆಗಲೇ ಉದ್ದಿನ ಹಿಟ್ಟು ಇಳಿದಿತ್ತು, ಬೆಳ್ಳಗೆ. ರುಬ್ಬುವವನು ನಲ್ಲಿಯ ಕೆಳಗೆ ಕೈ ತೊಳೆದ, ತುಂಬ ಹೊತ್ತು ತೊಳೆದ.

ಮ್ಯಾನೇಜರ್ ನನಗೆ, "ನೀವು ಇನ್ನು ಬರುದು ಬೇಡ" ಅಂದ. ತಪ್ಪೇನಿಲ್ಲ. ಮಾಟುಂಗಾದ ಎರಡು ಹೋಟೆಲುಗಳಿಗೂ ಸುದ್ದಿ ಹೋಯಿತು, ಅವರೂ ಬೇಡವೆಂದರು.

ಮೇಷ್ಟರು ಹೋಳುಗಳನ್ನು ಟೆಂಪೋ ಕಳಿಸಿ ತರಿಸಿಕೊಂಡರು. ಆ ಒಂದು ಬದ್ ಏಟನ್ನೇ ಕತ್ತರಿಸಿ ಲೂಪ್ ಹಾಕುತ್ತೇನೆ, ಗೋದಾಮು ತುಂಬ ಅದೊಂದೇ ಶಬ್ದ ಇರುತ್ತದೆ ಎಂದರು. ಪಕ್ಕದ ಗೋಡೆಗೆ ಹಾಕಲು ಕಣ್ಣೀರು, ಹೆಣ್ಣು, ನಗರ ಎಂದು ಏನೇನೋ ಬರೆದಿದ್ದರು. ಹುಡುಗಿ ಓದಿ ಹೇಳಿದಳು. ನಾನು ಗೋರೆಗಾಂವಿಗೆ ಹೋಗಿ ಅವರ ಮುಂದೆ ಕೂತೆ.

"ಅದು ತಪ್ಪು ಏಟು" ಅಂದೆ.

ಅವರು ಸಮಾಧಾನದಿಂದಲೇ ಹೇಳಿದರು. ಹುಡುಗಿ ಕನ್ನಡ ಮಾಡಿದಳು: "ಆರ್ಟಲ್ಲಿ ತಪ್ಪು ಸೌಂಡ್, ಸರಿ ಸೌಂಡ್ ಅಂತ ಇಲ್ಲ ಅಜ್ಜಿ. ಎಲ್ಲ ಸೌಂಡ್ ಒಂದೇ."

"ಎಲ್ಲಾ ಒಂದ ಆದ್ರ ನಿಮಗ ಕಿವಿ ಯಾಕ ಬೇಕು? ಚಲೋ ಏಟು ಕೇಳದವಗ ಕೆಟ್ಟ ಏಟು ಹ್ಯಾಂಗ ತಿಳೀತೈತಿ? ಅದರ ಹಿಂದಿನ ಚಲೋ ಏಟು, ಮುಂದಿನ ಕೆಟ್ಟವು, ಎಲ್ಲಾ ಇರ್ಲಿ. ಒಂದನ್ನ ಕತ್ತರಿಸಿದ್ರ ಅದು ಸುಳ್ಳು."

ಮೇಷ್ಟರು ತಲೆ ಅಲ್ಲಾಡಿಸಿದರು. ಅಷ್ಟು ಉದ್ದ ಯಾರು ಕೇಳುತ್ತಾರೆ ಎಂದರು. ಹುಡುಗಿ ಅದನ್ನು ನನಗೆ ಹೇಳಲಿಲ್ಲ, ನನಗೇ ತಿಳಿಯಿತು. ಅವಳು ಅವರ ಕಡೆ ತಿರುಗಿ ಹಿಂದಿಯಲ್ಲಿ, ಇದು ನನ್ನ ಪರೀಕ್ಷೆಯ ಕೆಲಸ ಸರ್, ನಾನು ಅಜ್ಜಿ ಹೇಳಿದ ಹಾಗೇ ಮಾಡುತ್ತೇನೆ, ಮಾರ್ಕು ನೀವು ಕೊಟ್ಟಷ್ಟು ಕೊಡಿ ಅಂದಳು. ಅವರು ಪೆನ್ನು ಕೆಳಗಿಟ್ಟು, ಸರಿ ಅಂದರು. ಗೋಡೆಯ ಬರಹವನ್ನೂ ತೆಗೆಸಿ ನಾನೇ ಹೇಳಿ ಬರೆಸಿದೆ: ಇದು ಗ್ರೈಂಡರ್ ಕಲ್ಲು ಒಡೆದ ಶಬ್ದ. ಹೊಡೆದವಳು ಕಿವಿ ಮುಚ್ಚಿಕೊಂಡಿದ್ದಳು.

ಬೈಕುಲ್ಲಾದಲ್ಲಿ ಪ್ರದರ್ಶನ ನಾಲ್ಕು ದಿನ. ನಾನು ದಿನಾ ಹೋಗಿ ಸ್ಪೀಕರಿನ ಕೆಳಗೆ ಸ್ಟೂಲಿನ ಮೇಲೆ ಕೂತೆ. ಜನ ಬರುವರು, ಕಣ್ಣು ಮುಚ್ಚುವರು, ಒಳಗಿಂದ ಏನೋ ಆದ ಹಾಗೆ ಮುಖ ಮಾಡುವರು. ಒಬ್ಬಳು ಬಂದು ನನ್ನ ಒರಟು ಕೈ ಹಿಡಿದು ಅತ್ತಳು. ಕೈ ಬಿಡಿಸಿಕೊಂಡೆ.

ಮೂರನೆಯ ದಿನ ರುಬ್ಬುವವನು ಬಂದ. ಅವನಿಗೆ ವಾರದ ರಜೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ.

"ನೀ ಯಾಕ ಬಂದಿ?"

"ಮ್ಯಾನೇಜರ್ ಹೊಸ ಗುಂಡಕಲ್ಲ ತಂದಾನ ಆಯಿ. ನಾ ದಿನಾ ಬಡದ ನೋಡ್ತೀನಿ. ಖರೇ ಹೇಳ್ಬೇಕಂದ್ರ ನನಗ ತಿಳಿವಲ್ದು. ಇಲ್ಲಿ ಎರಡೂ ಕೇಳ್ತಾವ ಅಂತ ಆ ಹುಡುಗಿ ಹೇಳಿದ್ಳು."

ಅವನು ಕಣ್ಣು ಮುಚ್ಚಲಿಲ್ಲ. ಸ್ಪೀಕರಿನ ಮುಂದೆ ನೆಲಕ್ಕೆ ಕೂತ. ಒಂದು ಸುತ್ತು ಕೇಳಿದ, ಎರಡು ಸುತ್ತು ಕೇಳಿದ. ಮೂರನೆಯ ಸುತ್ತಿನಲ್ಲಿ ಆ ಏಟು ಬಂದ ಕೂಡಲೇ ಬೆರಳೆತ್ತಿದ. ನಾಲ್ಕನೆಯದರಲ್ಲಿ ಪರೀಕ್ಷೆಯ ಬಡಿತಗಳನ್ನು ಒಂದೊಂದಾಗಿ ಎಣಿಸಿ, ಇಲ್ಲಿಂದ ಇಲ್ಲಿಯವರೆಗೆ ಸತ್ತದ್ದು ಎಂದು ನೆಲದ ಮೇಲೆ ಬೆರಳಿನಿಂದ ಕಲ್ಲಿನ ಹಾಗೆ ಗುಂಡಗೆ ಬರೆದು ತೋರಿಸಿದ. ಆ ನಾಲ್ಕು ದಿನದಲ್ಲಿ ಆ ಗೋದಾಮಿಗೆ ಶಬ್ದ ಕಲಿಯಲು ಬಂದವನು ಅವನೊಬ್ಬನೇ.

"ನಮ್ದು ಹಿಂಗ ಅನ್ನೂದಿಲ್ಲ ಆಯಿ. ಆದ್ರ ಒಂದ ಕಡಿ ಸಂಶಯ ಅದ. ತೂತಿನ ಬಾಜೂಕ."

"ಮ್ಯಾನೇಜರ್‌ಗ ಹೇಳಿದೇನು?"

"ಹೇಳ್ದ್ರ ಅಂವ, ಆ ಮುದುಕಿ ನಿನ್ನ ತಲಿ ಕೆಡಿಸ್ಯಾಳ ಅಂತಾನ."

ನಾನು ಸ್ಟೂಲಿನಿಂದ ಎದ್ದೆ. ಸುತ್ತಿಗೆ ಚೀಲದಲ್ಲಿತ್ತು. ಲೋಕಲ್ ಹಿಡಿದು ದಾದರಿಗೆ ಹೋದೆವು, ಹಿಂಬಾಗಿಲಿನಿಂದಲೇ ಒಳಗೆ ಹೊಕ್ಕೆವು. ಅವನು ಹೊಸ ಕಲ್ಲನ್ನು ಹೊರಗೆ ತೆಗೆದು ಗೋಣಿಚೀಲದ ಸಿಂಬಿಯ ಮೇಲಿಟ್ಟ, ನಾನು ಹೇಳುವ ಮೊದಲೇ. ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ನೋಡಿ ಬಾಯಿ ತೆರೆದ.

"ಬೈಯೂದು ಆಮ್ಯಾಲ ಬೈರಿ" ಅಂದೆ. "ಈಗ ಕೇಳಬೇಕು."

 ಮ್ಯಾನೇಜರ್ ಕೈ ಚಾಚಿ, ಗೋಡೆಯ ಮೇಲೆ ಗದ್ದಲ ಮಾಡುತ್ತಿದ್ದ ಎಗ್ಜಾಸ್ಟ್ ಫ್ಯಾನು ಬಂದ್ ಮಾಡಿದ.